ಶಾಲಿನ ಕೊನೆಯ ಎಳೆ

ಶುಕ್ರವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಮುಗಿಸಮ್ಮ ಅಡುಗೆಮನೆಯ ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂತು, ತನ್ನದಲ್ಲದ ಒಂದು ಶಾಲಿನ ಕೊನೆಯ ಎಳೆಯನ್ನು ಅಡಗಿಸುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕುವ ಹೊತ್ತಾಗಿತ್ತು. ಅವಳು ತಲೆ ಎತ್ತಲಿಲ್ಲ. ಎಡಗೈ ಚಾಚಿ ಉರಿ ಸಣ್ಣ ಮಾಡಿ ಮತ್ತೆ ಸೂಜಿಗೆ ಬಂದಳು.

ಕ್ರೋಶಾ ಕೆಲಸದಲ್ಲಿ ಕೊನೆಯ ಕುಣಿಕೆ ಹಾಕಿದ ಮೇಲೆ ಉಣ್ಣೆಯ ದಾರವನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ಆ ತುಂಡನ್ನು ಕುಣಿಕೆಯೊಳಗಿಂದ ಎಳೆದು ಬಿಗಿಯುತ್ತಾರೆ. ಇಡೀ ಶಾಲಿಗೆ ಬೀಗ ಅದೊಂದೇ. ಅದನ್ನು ಸಡಿಲಿಸಿ ಹಿಡಿದು ಎಳೆದರೆ ಶಾಲು ಸಾಲು ಸಾಲಾಗಿ ಬಿಚ್ಚಿಕೊಂಡು ಕೈಗೆ ಬರುತ್ತದೆ. ವರ್ಷಗಟ್ಟಲೆ ಹಾಕಿದ್ದು ಒಂದು ಲೋಟ ಕಾಫಿ ಆರುವಷ್ಟರಲ್ಲಿ ಮತ್ತೆ ಉಂಡೆಯಾಗುತ್ತದೆ. ಹೆಚ್ಚಿನವರು ಆ ತುಂಡನ್ನು ನಾಲ್ಕು ತೂತಿನಲ್ಲಿ ತೂರಿಸಿ ಕತ್ತರಿಸಿಬಿಡುತ್ತಾರೆ. ಎರಡು ಸಲ ಒಗೆಯುವುದರಲ್ಲಿ ಅದು ಇಲಿಯ ಬಾಲದ ಹಾಗೆ ಹೊರಗೆ ಇಣುಕುತ್ತದೆ. ಮುಗಿಸಮ್ಮ ಹಾಗೆ ಮಾಡುವವಳಲ್ಲ. ಹುರಿಯನ್ನು ಬಿಚ್ಚಿ ದಾರವನ್ನು ಎರಡು ಎಳೆ ಮಾಡುತ್ತಾಳೆ. ಒಂದನ್ನು ಬಲಕ್ಕೆ, ಇನ್ನೊಂದನ್ನು ಕೆಳಕ್ಕೆ, ಕುಣಿಕೆಗಳ ಹೊಟ್ಟೆಯೊಳಗೇ ಹಾಯಿಸಿ, ಒಮ್ಮೆ ಹಿಂದಕ್ಕೆ ತಿರುಗಿಸಿ ಬಿಡುತ್ತಾಳೆ. ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಮೆಲ್ಲಗೆ ಒತ್ತಿದರೆ, ಕೈಯಲ್ಲಿ ನೂತ ಉಣ್ಣೆಯ ಕೂದಲು ಒಂದನ್ನೊಂದು ಹಿಡಿದುಕೊಳ್ಳುತ್ತದೆ. ಅಲ್ಲಿಗೆ ಎಳೆ ಅಡಗಿದೆ ಎಂದು ಹೇಳುವಂತೆಯೂ ಇಲ್ಲ. ಎಳೆಯೇ ಇಲ್ಲ.

ಅವಳಿಗೆ ಆ ಹೆಸರು ಇಟ್ಟವಳು ಮಹಡಿಯ ಮೇಲಿನ ಓರಗಿತ್ತಿ. ಒಂದೇ ಮನೆ, ಅಣ್ಣನ ಸಂಸಾರ ಮೇಲೆ, ತಮ್ಮನದು ಕೆಳಗೆ; ನಡುವೆ ಹೊರಗಡೆಯಿಂದ ಹತ್ತುವ ಒಂದು ಕಬ್ಬಿಣದ ಮೆಟ್ಟಿಲು. “ಬಂದಳಪ್ಪ ಮುಗಿಸಮ್ಮ! ಕೈಗೆ ಸಿಕ್ಕಿದ್ದನ್ನೆಲ್ಲ ಮುಗಿಸಿಯೇ ಬಿಡ್ತಾಳೆ. ಹುಷಾರಾಗಿರಿ, ಒಂದಿನ ನಮ್ಮನ್ನೂ ಮುಗಿಸಿಯಾಳು,” ಎಂದು ಅವಳು ಯಾವತ್ತೋ ಅಂದದ್ದು ಬೀದಿಯ ಬಾಯಿಗೆ ಬಿದ್ದು, ಕೊನೆಗೆ ಕನ್ನಡಕದ ಅಂಗಡಿಯವರೆಗೂ ಹೋಗಿತ್ತು. ಮುಗಿಸಮ್ಮ ಕೆಲಸ ಮಾಡುವುದು ಆ ಅಂಗಡಿಯ ಹಿಂದಿನ ಕೋಣೆಯಲ್ಲಿ. ಗಾಜನ್ನು ಫ್ರೇಮಿನ ಆಕಾರಕ್ಕೆ ಉಜ್ಜಿ, ಅಂಚಿನ ಚೂಪು ಮುರಿದು, ಕಣ್ಣಿಗೂ ಕಾಣದಂಥ ತಿರುಪು ಬಿಗಿದು ಕೂರಿಸುವ ಕೆಲಸ. ಉಜ್ಜುವ ಚಕ್ರದ ಮೇಲೆ ಇಡೀ ದಿನ ನೀರು ತೊಟ್ಟಿಕ್ಕುತ್ತದೆ. ಸಂಜೆಗೆ ಅವಳ ಬೆರಳ ತುದಿ ನೆನೆದ ಕಾಗದದ ಹಾಗೆ ಬೆಳ್ಳಗಾಗಿರುತ್ತದೆ.

ಬೀದಿಯ ಹೆಂಗಸರು ಅರ್ಧಕ್ಕೆ ಬಿಟ್ಟ ಹೆಣಿಗೆಯನ್ನು ಅವಳಿಗೆ ತಂದುಕೊಡುತ್ತಿದ್ದರು. ಒಂದು ತೋಳು ಇಲ್ಲದ ಸ್ವೆಟರ್, ಜೊತೆಯಿಲ್ಲದ ಒಂಟಿ ಕಾಲುಚೀಲ, ಮಗು ಸ್ಕೂಲಿಗೆ ಸೇರಿದರೂ ಗುಂಡಿ ಕಾಣದ ಕೂಸಿನ ಅಂಗಿ. ಯಾರ ಕೈ ಹೇಗೆ ಎಂದು ಮೊದಲು ನೋಡಿ, ಅದೇ ಕೈಯಲ್ಲಿ ಹಾಕಿದ ಹಾಗೆ ಮುಂದುವರಿಸಿ, ಹೊಲಿಗೆ ಕೂಡಿಸಿ, ನೆನೆಸಿ, ಗುಂಡುಸೂಜಿ ಚುಚ್ಚಿ ಅಳತೆಗೆ ಒಣಗಿಸಿ ವಾಪಸ್ಸು ಕೊಡುತ್ತಿದ್ದಳು. ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಕೊಡುವಾಗ ಒಂದು ಮಾತು ತಪ್ಪದೆ ಬರುತ್ತಿತ್ತು: “ಇನ್ನು ಮೇಲೆ ಕೈಲಾಗೋದನ್ನ ಮಾತ್ರ ಹಿಡೀರಿ.” ತೆಗೆದುಕೊಂಡು ಹೋದವರು ಆ ಸ್ವೆಟರನ್ನು ಹಾಕಿಕೊಂಡು ಅವಳ ಎದುರು ಬರುತ್ತಿದ್ದುದು ಕಡಿಮೆ. ಯಾಕೆಂದು ಅವಳು ಯೋಚಿಸಿದವಳಲ್ಲ.

ಈಗ ಅವಳ ಮಡಿಲಲ್ಲಿದ್ದ ಶಾಲು ಮಾತ್ರ ಯಾರೂ ತಂದುಕೊಟ್ಟದ್ದಲ್ಲ.

ಅದರ ಉಣ್ಣೆ ಅತ್ತೆಯದು. ಅತ್ತೆ ಬೇಸರಕ್ಕೆಂದು ತಕಲಿ ಹಿಡಿದವರು. ಹಿಡಿದ ಮೇಲೆ ನಲವತ್ತು ವರ್ಷ ಕೆಳಗಿಡಲಿಲ್ಲ. ಕಿಟಕಿಯ ಪಕ್ಕದ ಮಂಚದ ಮೇಲೆ ಕೂತು, ತೊಡೆಯ ಮೇಲೆ ತಕಲಿಯನ್ನು ಒಮ್ಮೆ ಉಜ್ಜಿ ಬಿಟ್ಟರೆ, ಕಂದು ಉಣ್ಣೆ ಕೂದಲೆಳೆಯಂತೆ ಇಳಿದು ಬರುತ್ತಿತ್ತು. ಬೆರಳ ಗಂಟುಗಳು ಊದಿಕೊಂಡು ತಕಲಿ ಜಾರತೊಡಗಿದಾಗ, “ಇದೇ ಕೊನೆ. ಇನ್ನು ನನ್ನ ಕೈಲಿ ನೂಲು ಬರಲ್ಲ,” ಎಂದು ಹೇಳಿ, ಕೊನೆಯ ಉಂಡೆಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿ ಹಿರಿಯ ಸೊಸೆಗೆ ಕೊಟ್ಟರು. ಕಿರಿಯವಳಿಗಲ್ಲ. ಒಂದು ಉಂಡೆಯೂ ಇಲ್ಲ.

ಹಿರಿಯವಳೋ, ಹೆಸರಾಂತ ಆರಂಭಶೂರೆ. ಅವಳ ಕಪಾಟಿನಲ್ಲಿ ಶುರು ಮಾಡಿದ ಟೋಪಿ ಉಂಟು, ಮೇಜಿನ ಹೊದಿಕೆ ಉಂಟು, ಮುಗಿದದ್ದು ಅಂತ ಒಂದು ಕರವಸ್ತ್ರ ಕೂಡ ಇಲ್ಲ. ಅತ್ತೆಗೇ ಒಂದು ಶಾಲು ಎಂದು ಕಡ್ಡಿ ಹಿಡಿದಳು. ಮೂರು ಚಳಿಗಾಲ ಹೋಯಿತು. ಭಾನುವಾರ ಮಧ್ಯಾಹ್ನ ಕೆಳಗಿಳಿದು ಬಂದು ಅತ್ತೆಯ ಮಂಚದ ತುದಿಯಲ್ಲಿ ಕೂರುವುದು, ಎರಡು ಸಾಲು ಹಾಕುವುದು, ಮಾತಿನ ಭರದಲ್ಲಿ ಲೆಕ್ಕ ತಪ್ಪುವುದು, ಒಂದು ಸಾಲು ಬಿಚ್ಚುವುದು, ಬುಟ್ಟಿಯನ್ನು ಮಂಚದ ಕೆಳಗೆ ತಳ್ಳಿ ಮೇಲೆ ಹೋಗುವುದು. ಬಾಗಿಲ ಆಚೆ ಪಾತ್ರೆ ತೊಳೆಯುತ್ತಿದ್ದ ಮುಗಿಸಮ್ಮನಿಗೆ ಹಲ್ಲು ಕಡಿಯುವಷ್ಟು ಸಿಟ್ಟು.

“ಅಕ್ಕ, ಅತ್ತೆ ನೂರು ವರ್ಷ ಬದುಕಲಿ ಅಂತ ಹರಕೆನಾ, ಇಷ್ಟು ನಿಧಾನ?” ಎಂದು ಒಮ್ಮೆ ಕೇಳಿದ್ದಳು.

“ನಿನಗೇನು ಅವಸರ? ನಿನ್ನ ಹೆಗಲಿಗಲ್ಲವಲ್ಲ,” ಎಂದು ಓರಗಿತ್ತಿ ತಲೆ ಎತ್ತದೆ ಹೇಳಿದ್ದಳು. ಅತ್ತೆ ನಕ್ಕಿದ್ದರು. ಆ ನಗು ಮುಗಿಸಮ್ಮನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತ್ತು.

ಆ ಸೋಮವಾರ ಓರಗಿತ್ತಿ ಗಂಡನ ಜೊತೆ ತವರಿಗೆ ಹೋದಳು. ಬರುವುದು ಭಾನುವಾರ. ಬುಟ್ಟಿ ಮಂಚದ ಕೆಳಗೇ ಇತ್ತು. ಮುಗಿಸಮ್ಮ ಅಂಗಡಿಯಿಂದ ಬಂದವಳು ಕಾಲು ತೊಳೆದು ಬುಟ್ಟಿಯನ್ನು ಹೊರಗೆಳೆದಳು.

ಬೇರೆಯವರ ಕೈ ಅನುಕರಿಸುವುದು ಅವಳಿಗೆ ಹೊಸದಲ್ಲ. ಆದರೆ ಇದು ಕಷ್ಟವಾಯಿತು. ಓರಗಿತ್ತಿಯ ಕೈ ಸಡಿಲ, ತನ್ನದು ಬಿಗಿ. ಹಾಗೇ ಹಾಕಿದರೆ ಕೈ ಬದಲಾದ ಜಾಗದಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿದ ಹಾಗೆ ಒಂದು ಗೆರೆ ಬೀಳುತ್ತದೆ. ಒಂದು ನಂಬರು ದಪ್ಪ ಕಡ್ಡಿ ತೆಗೆದುಕೊಂಡಳು, ಸಾಲಲಿಲ್ಲ. ಕೊನೆಗೆ ದಾರವನ್ನು ಎರಡು ಬೆರಳಿಗೆ ಸುತ್ತುವ ತನ್ನ ರೂಢಿ ಬಿಟ್ಟು, ಓರಗಿತ್ತಿಯ ಹಾಗೆ ಒಂದೇ ಬೆರಳಿನ ಮೇಲೆ ಹಾಯಿಸಿ, ಅವಳ ಹಾಗೇ ಬೆನ್ನು ಬಗ್ಗಿಸಿ, ಭುಜ ಇಳಿಬಿಟ್ಟು ಕೂತಾಗ ಸರಿಹೋಯಿತು. ಯಾರ ಮುಖ ಕಂಡರೆ ಆಗುವುದಿಲ್ಲವೋ ಅವಳ ಮೈಯೊಳಗೆ ಹೊಕ್ಕು ಕೂತ ಹಾಗಿತ್ತು. ಗಂಡ ನೋಡಿ, “ಏನು, ಅತ್ತಿಗೆ ಥರ ಕೂತಿದ್ದೀಯ?” ಎಂದ.

“ನಿಮ್ಮ ಕಣ್ಣು ಟೆಸ್ಟ್ ಮಾಡಿಸಬೇಕು,” ಎಂದಳು.

ಶುಕ್ರವಾರ ಎಳೆ ಅಡಗಿತು. ಅಂದೇ ನೆನೆಸಿ, ಹಾಸಿಗೆಯ ಮೇಲೆ ಹಳೆ ಪಂಚೆ ಹಾಸಿ, ಅಂಚಿನುದ್ದಕ್ಕೂ ಗುಂಡುಸೂಜಿ ಚುಚ್ಚಿ ಫ್ಯಾನಿನ ಕೆಳಗೆ ಒಣಗಿಸಿದಳು. ಆ ರಾತ್ರಿ ಗಂಡಹೆಂಡತಿ ಇಬ್ಬರೂ ಚಾಪೆಯ ಮೇಲೆ ಮಲಗಿದರು. ಭಾನುವಾರ ಬೆಳಿಗ್ಗೆ ಶಾಲನ್ನು ಬಿಡಿಸಿ ಅತ್ತೆಯ ಹೆಗಲಿಗೆ ಹಾಕಿದಳು.

ಅವಳಿಗೆ ಬೇಕಾಗಿದ್ದುದು ಒಂದೇ ಮಾತು. ಚೆನ್ನಾಗಿದೆ. ಈ ಮನೆಗೆ ಕಾಲಿಟ್ಟಾಗಿನಿಂದ ಅತ್ತೆಯ ಬಾಯಲ್ಲಿ ತನ್ನ ಕೈಕೆಲಸಕ್ಕೆ ಆ ಮಾತು ಬಂದಿರಲಿಲ್ಲ. ಅತ್ತೆ ಶಾಲಿನ ಅಂಚನ್ನು ಊದಿದ ಬೆರಳುಗಳ ನಡುವೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿದರು.

“ಮುಗೀತಾ?” ಎಂದರು.

“ಹೂಂ ಅತ್ತೆ.”

“ಅವಳು ಬರೋಕೆ ಮುಂಚೆನೇ?”

ಅಷ್ಟೇ. ಮುಖ ಕಿಟಕಿಯ ಕಡೆ ತಿರುಗಿಸಿದರು.

ಮಧ್ಯಾಹ್ನ ಓರಗಿತ್ತಿ ಬ್ಯಾಗನ್ನು ಮೆಟ್ಟಿಲ ಬುಡದಲ್ಲೇ ಇಟ್ಟು ನೇರ ಒಳಗೆ ಬಂದಳು. ಹಿಂದೆ ಅವಳ ಗಂಡ. ಶಾಲು ಕಣ್ಣಿಗೆ ಬಿದ್ದದ್ದು ಮೊದಲು ಆತನಿಗೆ. “ಓಹೋ! ಅಂತೂ ಮುಗೀತಲ್ಲ! ಇವಳ ಕೈಲಿ ಇದ್ದಿದ್ರೆ ನಮ್ಮ ಮೊಮ್ಮಕ್ಕಳ ಮದುವೆಗೆ ಆಗ್ತಿತ್ತು,” ಎಂದು ಗಹಗಹಿಸಿ ನಕ್ಕ. ಉರಿಯುವ ಬೆಂಕಿಗೆ ತುಪ್ಪ ಸುರಿಯಲು ಅವನಂಥವನು ಇನ್ನೊಬ್ಬನಿರಲಿಲ್ಲ.

ಓರಗಿತ್ತಿ ನಗಲಿಲ್ಲ. “ಯಾರು ಮುಟ್ಟಿದ್ದು ಇದನ್ನ?”

“ನಾನೇ ಅಕ್ಕ. ಚಳಿ ಶುರುವಾಯ್ತಲ್ಲ ಅಂತ...”

“ನಾನು ಕೇಳಿದ್ನಾ?”

“ಮನೆ ಕೆಲಸಕ್ಕೆ ಕೇಳ್ತಾರಾ?”

“ನಿನ್ನ ಮನೆ ಕೆಲಸ ನೀನು ಮಾಡು. ಇದು ನನ್ನದು. ಕೊಟ್ಟಿದ್ದು ನನಗೆ.”

“ಕೊಟ್ಟಿದ್ದು ಬುಟ್ಟೀಲಿ ಕೊಳೆಸೋಕಾ? ಮೂರು ವರ್ಷ ಮಂಚದ ಕೆಳಗೆ ನಾನೇ ಕಸ ಗುಡಿಸಿದ್ದೀನಿ, ಆ ಬುಟ್ಟಿ ಎತ್ತಿ ಎತ್ತಿ ಇಟ್ಟು.”

“ಅದಕ್ಕೆ ಬಾಡಿಗೆ ತಗೊಂಡ್ಯಾ?”

ಓರಗಿತ್ತಿ ಮುಂದೆ ಬಂದು ಅತ್ತೆಯ ಹೆಗಲಿನಿಂದ ಶಾಲನ್ನು ತೆಗೆದಳು. ಎಳೆಯಲಿಲ್ಲ, ನಿದ್ದೆಯಲ್ಲಿರುವ ಮಗುವನ್ನು ಎತ್ತಿಕೊಳ್ಳುವ ಹಾಗೆ ಜಾಗ್ರತೆಯಾಗಿ ತೆಗೆದಳು. ಮಂಚದ ತುದಿಯಲ್ಲಿ ತನ್ನ ಜಾಗದಲ್ಲಿ ಕೂತು ಮೂಲೆ ಹಿಡಿದು ಕೊನೆಯ ಎಳೆಗಾಗಿ ತಡಕಿದಳು. ಅವಳ ಉದ್ದೇಶ ಎಲ್ಲರಿಗೂ ಗೊತ್ತಾಯಿತು. ಮುಗಿಸಮ್ಮನ ಸಾಲುಗಳನ್ನು ಎಲ್ಲರ ಎದುರಲ್ಲೇ ಬಿಚ್ಚಿಹಾಕುವುದು.

ಎಳೆ ಸಿಗಲಿಲ್ಲ. ನಾಲ್ಕು ಮೂಲೆ ನೋಡಿದಳು, ಮಗ್ಗುಲು ಬದಲಿಸಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. ಉಗುರಿನಿಂದ ಕೆದಕಿದಳು. ಮುಗಿಸಮ್ಮ ಬಾಗಿಲಿಗೆ ಒರಗಿ ನಿಂತಳು. ಹತ್ತು ವರ್ಷದಲ್ಲಿ ಅಷ್ಟು ಸುಖ ಅವಳಿಗೆ ಆಗಿರಲಿಲ್ಲ.

“ಕೊನೆ ಎಲ್ಲಿ?”

“ಹುಡುಕಿ, ಅಕ್ಕ. ನಿಮ್ಮದೇ ಅಲ್ವಾ?”

ಓರಗಿತ್ತಿಯ ಕೈ ಕಿಟಕಿಯ ಕಟ್ಟೆಯ ಮೇಲಿದ್ದ ಕತ್ತರಿಗೆ ಹೋಯಿತು. ಅತ್ತೆ ಕಿಟಕಿಯಿಂದ ಮುಖ ತಿರುಗಿಸಿ ಹೇಳಿದರು: “ಅದಕ್ಕೆ ಕತ್ತರಿ ಹಾಕಿದ್ರೆ ನನ್ನ ಬೆರಳಿಗೆ ಹಾಕಿದ ಹಾಗೆ. ನೋಡ್ಕೊ.”

ಕತ್ತರಿ ಕೆಳಗಿಳಿಯಿತು. ಶಾಲು ಬುಟ್ಟಿಗೆ ಹೋಯಿತು, ಬುಟ್ಟಿ ಕಬ್ಬಿಣದ ಮೆಟ್ಟಿಲು ಹತ್ತಿ ಮೇಲೆ ಹೋಯಿತು, ಮೇಲಿನ ಬಾಗಿಲು ದಡಾರನೆ ಮುಚ್ಚಿಕೊಂಡಿತು.

ಆ ವಾರವೆಲ್ಲ ಮೇಲೆ ಕುರ್ಚಿ ಎಳೆಯುವ ಸದ್ದು. ಬೆಳಕು ಬೀಳುವ ಕಡೆಗೆಲ್ಲ ಓರಗಿತ್ತಿ ಕುರ್ಚಿ ಹಾಕಿಕೊಂಡು ಹುಡುಕುತ್ತಿದ್ದಳು. ಮೆಟ್ಟಿಲ ಮೇಲೆ ಎದುರಾದರೆ ಇಬ್ಬರೂ ಗೋಡೆ ನೋಡುತ್ತಿದ್ದರು. ನೀರಿನ ಮೋಟಾರು ಮೇಲಿನವರು ಹಾಕಿದರೆ ಕೆಳಗಿನವಳು ಆರಿಸಿದಳು. ಕೆಳಗಿನವಳು ಒಗೆದು ಹಾಕಿದ ಬಟ್ಟೆಯ ಮೇಲೆ ಮಹಡಿಯಿಂದ ಚಾಪೆ ಝಾಡಿಸಿದ ದೂಳು ಬಿತ್ತು. ಗಂಡಂದಿರಿಬ್ಬರೂ ಗೇಟಿನ ಹತ್ತಿರ ನಿಂತು ಹವೆಯ ಬಗ್ಗೆ ಮಾತಾಡಿಕೊಂಡು ಬೇರೆಬೇರೆ ದಿಕ್ಕಿಗೆ ಹೋದರು.

ಮುಂದಿನ ಭಾನುವಾರ ಓರಗಿತ್ತಿ ಕೆಳಗೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಅತ್ತೆ ಬೆಡ್‌ಶೀಟು ಹೊದ್ದು ಮೆಟ್ಟಿಲು ಕಾಣುವ ಕಿಟಕಿಗೆ ಮುಖ ಮಾಡಿ ಕೂತಿದ್ದರು. ಮುಗಿಸಮ್ಮ ತನ್ನ ಒಳ್ಳೆಯ ಶಾಲು ತಂದು ಹಾಕಿದರೆ ಮಡಚಿ ಪಕ್ಕಕ್ಕಿಟ್ಟರು. ಅಂಗಡಿಯಲ್ಲಿ ಅವಳು ಒಂದು ಗಾಜನ್ನು ಅಡ್ಡಕ್ಕೆ ಉಜ್ಜಿ ಕೆಡಿಸಿದಳು. ಮಾಲೀಕರು ಅದನ್ನು ಬೆಳಕಿಗೆ ಹಿಡಿದು, “ಏನಮ್ಮಾ, ನಿಮ್ಮ ಕೈಲಿ ಇದು?” ಎಂದರು.

ಸಂಜೆ ಮಾತ್ರೆ ಕೊಡುವಾಗ ಮೂರು ವರ್ಷದಿಂದ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟಳು: “ಅತ್ತೆ, ಆ ಉಣ್ಣೆ ಅವರಿಗೆ ಯಾಕೆ ಕೊಟ್ರಿ?”

“ನಿನಗೆ ಕೊಟ್ಟಿದ್ರೆ ಏನಾಗ್ತಿತ್ತು?”

“ಆ ಚಳಿಗಾಲಕ್ಕೇ ಹೊದೀತಿದ್ರಿ.”

“ಹೂಂ. ಹೊದ್ದುಕೊಂಡು ಒಬ್ಬಳೇ ಕೂತಿರ್ತಿದ್ದೆ. ಅವಳಿಗೆ ಕೊಟ್ಟೆ, ಭಾನುವಾರ ಭಾನುವಾರ ಇಳಿದು ಬಂದಳು. ಅದು ಮುಗಿಯೋ ತನಕ ಬರ್ತಾಳೆ ಅಂತ ಗೊತ್ತಿತ್ತು. ಅವಳು ಮುಗಿಸೋಳಲ್ಲ ಅಂತಾನೂ ಗೊತ್ತಿತ್ತು.” ಮಾತ್ರೆ ನುಂಗಿ ನೀರು ಕುಡಿದರು. “ನೀನು ಒಂದೇ ಸೂರಿನ ಕೆಳಗಿದ್ದೀಯ. ನನ್ನ ಹತ್ರ ಕೂತಿದ್ದು ಯಾವಾಗ? ಮಾತ್ರೆ ಕೊಡ್ತೀಯ, ಹಾಸಿಗೆ ಝಾಡಿಸ್ತೀಯ, ಮುಗಿಸ್ತೀಯ, ಎದ್ದು ಹೋಗ್ತೀಯ.”

“ಮಾತ್ರೆ ಕೊಡೋಳು ಹರಟೆಗೆ ಕೂತ್ರೆ ಮಾತ್ರೆ ಯಾರು ಕೊಡ್ತಾರೆ?”

“ಅದೂ ಸರಿಯೇ ಅನ್ನು,” ಎಂದು ಅತ್ತೆ ಲೋಟ ವಾಪಸ್ಸು ಕೊಟ್ಟರು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕನಿಕರವೂ ಇರಲಿಲ್ಲ. ಮುಗಿಸಮ್ಮ ತೊಳೆದ ಲೋಟವನ್ನೇ ಇನ್ನೊಮ್ಮೆ ತೊಳೆದಳು.

ಮಾರನೆಯ ದಿನ ಅಂಗಡಿಯಿಂದ ಬರುವಾಗ ಗೀರು ನೋಡುವ ಭೂತಗನ್ನಡಿಯನ್ನು ಕೇಳಿ ತಂದಳು. ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದಳು. ತೆಗೆದ ಓರಗಿತ್ತಿ ಹೊಸಿಲಿನಲ್ಲೇ ನಿಂತಳು.

“ಇನ್ನೇನು ಮುಗಿಸೋಕೆ ಬಂದೆ?”

“ಅತ್ತೆ ಬೆಡ್‌ಶೀಟು ಹೊದ್ದು ಕೂತಿದ್ದಾರೆ. ಎಳೆ ತೋರಿಸ್ತೀನಿ. ನಿಮಗೆ ಬೇಕಾದಷ್ಟು ಬಿಚ್ಚಿಕೊಂಡು ಕೆಳಗೆ ಬನ್ನಿ. ನನಗೋಸ್ಕರ ಅಲ್ಲ.”

“ನಿನಗೋಸ್ಕರ ಬರೋಕೆ ನಾನೇನು ಹುಚ್ಚಿನಾ?” ಎಂದಳು. ಆದರೂ ಹೊಸಿಲು ಬಿಟ್ಟು ಸರಿದಳು.

ಊಟದ ಮೇಜಿನ ಮೇಲೆ ಶಾಲು ಹರಡಿಯೇ ಇತ್ತು. ಮುಗಿಸಮ್ಮ ದೀಪ ಹತ್ತಿರಕ್ಕೆಳೆದು, ಭೂತಗನ್ನಡಿ ಕಣ್ಣಿಗೆ ಹಿಡಿದು, ತಾನು ಎಳೆ ಅಡಗಿಸಿದ ಮೂಲೆಯನ್ನು ನೋಡಿದಳು. ಅಲ್ಲಿ ಇರಲಿಲ್ಲ. ಪಕ್ಕದ ಮೂಲೆ ನೋಡಿದಳು. ಅಲ್ಲೂ ಇಲ್ಲ. ಮತ್ತೆ ಮೊದಲ ಮೂಲೆಗೆ ಬಂದಳು. ಆ ಬೆಚ್ಚನೆಯ ನೀರು ಕೆಲಸ ಮಾಡಿಬಿಟ್ಟಿತ್ತು. ಕೂದಲು ಕೂದಲನ್ನು ಕಚ್ಚಿಕೊಂಡು, ಯಾವುದು ದಾರ, ಯಾವುದು ಬಚ್ಚಿಟ್ಟ ತುದಿ ಎಂದು ಇಟ್ಟವಳಿಗೇ ತಿಳಿಯದಂತಾಗಿತ್ತು. ಹಣೆಯಲ್ಲಿ ಬೆವರು ಮೂಡಿತು.

“ಏನಮ್ಮಾ, ಬಚ್ಚಿಟ್ಟವಳಿಗೇ ಸಿಗ್ತಿಲ್ವಾ?” ಓರಗಿತ್ತಿ ನಗತೊಡಗಿದಳು. ಒಳ್ಳೆಯ ನಗುವಲ್ಲ. “ಅಯ್ಯೋ, ನಮ್ಮ ಕಳ್ಳಿಗೆ ಕದ್ದ ಮಾಲು ಇಟ್ಟ ಜಾಗ ಮರೆತುಹೋಗಿದೆಯಂತೆ!”

“ಸ್ವಲ್ಪ ಬಾಯಿ ಮುಚ್ಚಿಕೊಂಡಿರ್ತೀರಾ? ಕೈ ಅಡ್ಡ ಬರ್ತಿದೆ.”

“ಮೇಜು ನನ್ನದು. ಕೈಯೂ ನನ್ನದು.”

“ಹಾಗಾದ್ರೆ ಆ ಅಂಚು ಬಿಗಿಯಾಗಿ ಹಿಡೀರಿ. ಬಿಗಿಯಾಗಿ! ನಿಮ್ಮ ಹೆಣಿಗೆ ಥರ ಅಲ್ಲ.”

ಓರಗಿತ್ತಿ ಹಿಡಿದಳು. ಇಬ್ಬರ ತಲೆ ಒಂದಕ್ಕೊಂದು ತಾಗಿತು. ಇಬ್ಬರೂ ಹಣೆ ಉಜ್ಜಿಕೊಂಡರು, ಕ್ಷಮೆ ಯಾರೂ ಕೇಳಲಿಲ್ಲ. ಕೊನೆಗೆ ಮುಗಿಸಮ್ಮ ಕಣ್ಣನ್ನು ನಂಬುವುದು ಬಿಟ್ಟು ಬೆರಳಿಗೆ ಹೋದಳು. ಕಣ್ಣು ಮುಚ್ಚಿಕೊಂಡು ಹೆಬ್ಬೆರಳನ್ನು ಅಂಚಿನ ಮೇಲೆ ನಿಧಾನ ಹಾಯಿಸಿದಳು. ಒಂದು ಕಡೆ ಕುಣಿಕೆಯ ಹೊಟ್ಟೆ ಉಳಿದವಕ್ಕಿಂತ ಒಂದಿಷ್ಟು ದಪ್ಪವಾಗಿತ್ತು. ಅಲ್ಲಿಗೆ ಸೂಜಿಯ ಮೊಂಡು ತುದಿ ಹಾಕಿ ಎತ್ತಿದಳು. ಒಂದು ಎಳೆ ಎದ್ದು ಬಂತು. ಅದರ ಹಿಂದೆ ಇನ್ನೊಂದು. ತಾನು ಮಾಡಿದ ಅತ್ಯುತ್ತಮ ಕೆಲಸವನ್ನು ತಾನೇ ಕೆದಕಿ ತೆಗೆದು, ಬೀಗದಂತಿದ್ದ ಆ ಕುಣಿಕೆಯನ್ನು ಸಡಿಲಿಸಿ, ತುದಿಯನ್ನು ಓರಗಿತ್ತಿಯ ಕೈಗೆ ಕೊಟ್ಟಳು.

ಓರಗಿತ್ತಿ ಒಮ್ಮೆ ಎಳೆದಳು. ಮೊದಲ ಸಾಲು ತಡೆತಡೆದು, ಅಂಟಿದ ಕೂದಲು ಕಿತ್ತುಕೊಳ್ಳುವ ಸಣ್ಣ ಸದ್ದು ಮಾಡುತ್ತ ಬಿಚ್ಚಿಕೊಂಡಿತು. ಎರಡನೆಯದು ಸಲೀಸಾಗಿ ಬಂತು. ಅಲ್ಲಿಗೆ ಅವಳ ಕೈ ನಿಂತಿತು. ಶಾಲನ್ನು ಮೇಲಿನಿಂದ ಕೆಳಕ್ಕೆ ನೋಡಿದಳು, ತಿರುಗಿಸಿ ನೋಡಿದಳು. ತನ್ನ ಕೈ ಎಲ್ಲಿ ಮುಗಿಯಿತು, ಇವಳದು ಎಲ್ಲಿ ಶುರುವಾಯಿತು ಎಂದು ಹುಡುಕುತ್ತಿದ್ದಳು. ಗೆರೆ ಇರಲಿಲ್ಲ. ಎಲ್ಲವೂ ಓರಗಿತ್ತಿಯದೇ ಸಡಿಲ ಕೈ. ತಾನು ಎಷ್ಟು ಹಾಕಿದ್ದೆ ಎಂಬ ಲೆಕ್ಕ ಅವಳು ಯಾವತ್ತೂ ಇಟ್ಟವಳಲ್ಲ.

“ಈ ಬಿಚ್ಚಿದ ಎರಡೂ ಸೇರಿ ಒಟ್ಟು ಎಷ್ಟು ಸಾಲು ನಿನ್ನದು?” ಎಂದಳು. “ಸರಿಯಾಗಿ ಹೇಳು. ನನ್ನದು ಒಂದು ಕುಣಿಕೆಯೂ ಹೋಗಬಾರದು. ನಿನ್ನದು ಒಂದು ಕುಣಿಕೆಯೂ ಇದರಲ್ಲಿ ಉಳೀಬಾರದು. ಅದೇನೇ ಇರಲಿ, ಲೆಕ್ಕದಲ್ಲಿ ಮಾತ್ರ ನೀನು ತಪ್ಪೋಳಲ್ಲ.”

ಅದು ನಿಜವೇ ಆಗಿತ್ತು. ಈ ಹೆಂಗಸಿನ ಬಾಯಿಂದ ಅವಳಿಗೆ ಬಂದ ಮೊದಲ ಹೊಗಳಿಕೆ ಅದು. ಮುಗಿಸಮ್ಮ ಒಟ್ಟು ಹತ್ತೊಂಬತ್ತು ಸಾಲು ಹಾಕಿದ್ದಳು. ಅದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕಿಟಕಿಯಿಂದ ಕೆಳಗೆ ನೋಡಿದರೆ ಅತ್ತೆಯ ಕೋಣೆಯ ದೀಪದ ಬೆಳಕು ಮೆಟ್ಟಿಲಿನ ಬುಡದಲ್ಲಿ ಬಿದ್ದಿತ್ತು. ನಾಳಿದ್ದು ಭಾನುವಾರದಿಂದ ಮತ್ತೆ ಈ ಶಾಲು ಆ ಮಂಚದ ತುದಿಗೆ ಹೋಗುತ್ತದೆ. ಎರಡು ಸಾಲು ಮುಂದೆ, ಒಂದು ಸಾಲು ಹಿಂದೆ. ಬಾಗಿಲ ಆಚೆ ತಾನು ಪಾತ್ರೆ ತೊಳೆಯುತ್ತಿರಬೇಕು.

ಓರಗಿತ್ತಿ ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಂಡು ಕಾದಿದ್ದಳು. “ಹೇಳೇ.”

ಮುಗಿಸಮ್ಮ ಭೂತಗನ್ನಡಿಯನ್ನು ಮಡಚಿ, ಕಣ್ಣಲ್ಲಿ ಕಣ್ಣಿಟ್ಟು, ಸ್ಪಷ್ಟವಾಗಿ ಹೇಳಿದಳು: “ಹದಿನೇಳು.”